ರಾತ್ರಿಯ ಎರಡು ನಿಮಿಷ: ಹಾಲುಹಲ್ಲಿನಿಂದ ಹಲ್ಲುಸೆಟ್ಟಿನವರೆಗೆ

ನಮ್ಮ ಮನೆಗಳಲ್ಲಿ ಹಲ್ಲುಜ್ಜುವುದೆಂದರೆ ಬೆಳಗಿನ ಕೆಲಸ. ಹಲ್ಲುಜ್ಜದೆ ಕಾಫಿ ಲೋಟಕ್ಕೆ ಕೈ ಹಾಕಿದರೆ ಹಿರಿಯರು ಗದರುತ್ತಾರೆ. ರಾತ್ರಿ ಉಂಡು ಹಾಗೇ ಮಲಗಿದರೆ ಯಾರೂ ಏನೂ ಅನ್ನುವುದಿಲ್ಲ. ಹಲ್ಲಿನ ಮಟ್ಟಿಗೆ ಹೆಚ್ಚು ಗದರಬೇಕಾದ್ದು ರಾತ್ರಿಯ ವಿಷಯಕ್ಕೇ. ಹಗಲೆಲ್ಲ ಹಲ್ಲನ್ನು ತೊಳೆಯುತ್ತ, ಬ್ಯಾಕ್ಟೀರಿಯಾಗಳಿಂದ ಹುಟ್ಟುವ ಆಮ್ಲವನ್ನು ಶಮನ ಮಾಡುತ್ತ, ಕರಗಿಹೋದ ಕ್ಯಾಲ್ಸಿಯಂ ಅನ್ನು ಮತ್ತೆ ಹಲ್ಲಿಗೆ ಕೂಡಿಸುವುದು ಎಂಜಲು. ನಿದ್ದೆಯಲ್ಲಿ ಎಂಜಲು ತೀರಾ ಕಡಿಮೆಯಾಗುತ್ತದೆ. ಹಲ್ಲಿಗೆ ಅಂಟಿದ ಅನ್ನ, ಬಿಸ್ಕತ್ತು, ಹಾಲಿನ ಸಕ್ಕರೆ ಏಳೆಂಟು ಗಂಟೆ ಬ್ಯಾಕ್ಟೀರಿಯಾಗಳಿಗೆ ಊಟವಾಗಿ ಉಳಿಯುತ್ತದೆ. ದಿನಕ್ಕೆ ಎರಡು ಸಲ ಉಜ್ಜಬೇಕು ನಿಜ. ಆದರೆ ಯಾವತ್ತಾದರೂ ಒಂದು ಸಲವೇ ಸಾಧ್ಯ ಎಂದಾದರೆ ಆ ಒಂದು ಸಲ ರಾತ್ರಿಯದೇ ಆಗಿರಲಿ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು, ಹಾಲು ಕೂಡ.

‘ಹುಳುಕು’ ಎಂಬ ಮಾತಿನಲ್ಲಿ ಹುಳು ಇದೆ, ಹಲ್ಲಿನಲ್ಲಿ ಇಲ್ಲ. ಬೀಜದ ಹೊಗೆ ಹಾಕಿ ‘ಹುಳ’ ಉದುರಿಸಿ ತೋರಿಸುವವರ ಬಳಿ ಹೋಗಬೇಡಿ. ಹುಳುಕು ಆಗುವುದು ಆಮ್ಲದಿಂದ. ಸಿಹಿ ಅಥವಾ ಹಿಟ್ಟಿನ ಪದಾರ್ಥ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯ (ಬ್ಯಾಕ್ಟೀರಿಯಾಗಳ ಅಂಟು ಪದರದ) ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿಯುತ್ತದೆ (ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು), ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕರಗತೊಡಗುತ್ತದೆ. ಎಂಜಲು ಅದನ್ನು ಸರಿಪಡಿಸಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹಾಗಾಗಿ ಎಷ್ಟು ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದು ಮುಖ್ಯ. ಊಟದ ಜೊತೆ ಎರಡು ಹೋಳಿಗೆ ತಿಂದವರಿಗಿಂತ, ಗಂಟೆಗೊಮ್ಮೆ ಸಕ್ಕರೆ ಹಾಕಿದ ಕಾಫಿಯನ್ನು ಗುಟುಕರಿಸುವವರ ಹಲ್ಲಿಗೆ ಅಪಾಯ ಹೆಚ್ಚು.

ಉಜ್ಜುವ ರೀತಿ

ಬ್ರಷ್ ‘ಸಾಫ್ಟ್’ ಎಂದು ಬರೆದಿರುವುದೇ ಆಗಬೇಕು, ತಲೆ ಚಿಕ್ಕದಿರಬೇಕು. ಪೇಸ್ಟಿನ ಟ್ಯೂಬಿನ ಮೇಲೆ ಹುಳುಕು ತಡೆಯುವ ಫ್ಲೋರೈಡ್ ಇದೆಯೇ, ಸುಮಾರು 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಭಾಗ) ಇದೆಯೇ ನೋಡಿ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ಷಿನ ಉದ್ದಕ್ಕೂ ಪೇಸ್ಟ್ ಹಚ್ಚುವುದು ಬೇಡ, ದೊಡ್ಡವರಿಗೂ ಬಟಾಣಿ ಕಾಳಿನಷ್ಟು ಸಾಕು.

ಕನ್ನಡಿಯ ಮುಂದೆ ನಿಂತು ಹಲ್ಲು ಒಸಡಿನೊಳಗೆ ಇಳಿಯುವ ಗೆರೆಯನ್ನು ನೋಡಿ. ಕೊಳೆ ಕೂರುವುದು ಅಲ್ಲಿ, ಹೆಚ್ಚಿನವರ ಬ್ರಷ್ ತಪ್ಪಿಸಿಕೊಳ್ಳುವುದೂ ಅಲ್ಲೇ. ಬ್ರಷ್ಷಿನ ಎಳೆಗಳು ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ ಬರುವಂತೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇಡಿ. ಮೇಲಿನ ಸಾಲಿಗೆ ಎಳೆಗಳು ಮೇಲ್ಮುಖ, ಕೆಳಗಿನ ಸಾಲಿಗೆ ಕೆಳಮುಖ. ಅಲ್ಲೇ ನಿಲ್ಲಿಸಿ, ಬ್ರಷ್ ಜಾರದಂತೆ ಸಣ್ಣಗೆ ಹತ್ತು ಹದಿನೈದು ಸಲ ಅಲುಗಿಸಿ. ಆಮೇಲೆ ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಒಮ್ಮೆ ಹೊರಳಿಸಿ. ಮುಂದಿನ ಎರಡು ಮೂರು ಹಲ್ಲಿಗೆ ಸರಿಯಿರಿ. ಹೊರಬದಿ, ಒಳಬದಿ, ಅಗಿಯುವ ಬದಿ ಎಲ್ಲ ಸೇರಿ ಎರಡು ನಿಮಿಷ. ಪಾತ್ರೆ ಉಜ್ಜಿದಂತೆ ಅಡ್ಡಡ್ಡ ತಿಕ್ಕಿದರೆ ಹಲ್ಲಿನ ಬುಡದಲ್ಲಿ ಕೊಡಲಿ ಏಟಿನಂಥ ಕಚ್ಚು ಬೀಳುತ್ತದೆ, ಒಸಡು ಬೇರಿನ ಕಡೆಗೆ ಜಾರುತ್ತದೆ, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಹೊಸ ಬ್ರಷ್ಷಿನ ಎಳೆಗಳು ತಿಂಗಳೊಳಗೇ ಹೊರಕ್ಕೆ ಬಾಗಿದವೆಂದರೆ ಕೈ ಜೋರಾಗಿದೆ ಎಂದೇ ಅರ್ಥ; ಮುಷ್ಟಿಯಲ್ಲಿ ಹಿಡಿಯುವುದು ಬಿಟ್ಟು ಪೆನ್ನಿನಂತೆ ಬೆರಳಲ್ಲಿ ಹಿಡಿಯಿರಿ. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಿಸಿ.

ಎಲ್ಲರೂ ಮುಂದಿನ ಹಲ್ಲಿನ ಹೊರಬದಿಯಿಂದ ಶುರುಮಾಡುತ್ತಾರೆ, ಒಳಬದಿಗೆ ಬರುವಷ್ಟರಲ್ಲಿ ಬೇಸರ ಬಂದಿರುತ್ತದೆ. ತಿರುಗಿಸಿ ಮಾಡಿ: ಮೊದಲು ಕೆಳಗಿನ ದವಡೆ ಹಲ್ಲುಗಳ ನಾಲಿಗೆಯ ಬದಿ, ಕೊನೆಗೆ ಮುಂದಿನ ಹಲ್ಲುಗಳ ಹೊರಬದಿ. ಕೆಳಗಿನ ಮುಂಬಲ್ಲುಗಳ ಒಳಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯಿಂದ ಉಜ್ಜಿ.

ಮುಗಿದ ಮೇಲೆ ನೊರೆ ಉಗುಳಿ, ಅಷ್ಟೇ. ನೀರು ಹಾಕಿ ಗಳಗಳ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿದು ಕೆಲಸ ಮಾಡಬೇಕಾದ ಫ್ಲೋರೈಡ್ ತೊಳೆದು ಹೋಗುತ್ತದೆ. ಮೊದಮೊದಲು ಬಾಯಿ ಅಂಟಂಟು ಎನ್ನಿಸಬಹುದು, ವಾರದಲ್ಲಿ ರೂಢಿಯಾಗುತ್ತದೆ. ನಿಂಬೆ ಪಾನಕ, ಹುಣಸೆ, ಕೂಲ್‌ಡ್ರಿಂಕ್‌ನಂಥ ಹುಳಿ ಪದಾರ್ಥ ಸೇವಿಸಿದ್ದರೆ ಅರ್ಧ ಗಂಟೆಯಾದರೂ ಬಿಟ್ಟು ಉಜ್ಜಿ. ಹುಳಿ ತಗುಲಿದ ಕೂಡಲೇ ಎನಾಮಲ್ ಮೆತ್ತಗಾಗಿರುತ್ತದೆ.

ಹಲ್ಲುಗಳ ಸಂದಿಗೆ ಬ್ರಷ್ ಇಳಿಯುವುದಿಲ್ಲ. ದಿನಕ್ಕೊಮ್ಮೆ ಫ್ಲಾಸ್ ದಾರ ಬೇಕು. ಸುಮಾರು 45 ಸೆಂಟಿಮೀಟರ್ ದಾರ ತೆಗೆದು ಎರಡೂ ನಡುಬೆರಳಿಗೆ ಸುತ್ತಿ, ಗರಗಸದಂತೆ ಮೆಲ್ಲಗೆ ಆಡಿಸುತ್ತ ಸಂದಿಯೊಳಗೆ ಇಳಿಸಿ. ಒಂದು ಹಲ್ಲಿಗೆ ಇಂಗ್ಲಿಷ್ ‘ಸಿ’ ಆಕಾರದಲ್ಲಿ ತಬ್ಬಿಸಿ ಮೇಲೆ ಕೆಳಗೆ ಎಳೆಯಿರಿ, ಆಮೇಲೆ ಪಕ್ಕದ ಹಲ್ಲಿಗೆ. ಸಂದಿ ಅಗಲವಾಗಿದ್ದವರಿಗೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಕಾಣುವ ಪುಟ್ಟ ಸಂದಿಬ್ರಷ್ ಇನ್ನೂ ಒಳ್ಳೆಯದು. ಪಿನ್ನು, ಕಡ್ಡಿ ಬೇಡ.

ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಉಪ್ಪಿನ ಹರಳು ಇವೆಲ್ಲ ಹಲ್ಲನ್ನು ಬೆಳ್ಳಗೆ ಮಾಡುವುದು ಸವೆಸಿಯೇ. ಎನಾಮಲ್ ಸವೆದ ಮೇಲೆ ಒಳಗಿನ ಹಳದಿ ಪದರ ಕಾಣುತ್ತದೆ, ಆಗ ಇನ್ನಷ್ಟು ತಿಕ್ಕುತ್ತಾರೆ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ನಾರು ಮಾಡಿ ಬಳಸಿದರೆ ಹಾನಿಯಿಲ್ಲ, ಆದರೆ ಅದು ಒಳಬದಿಗೆ ತಲುಪುವುದು ಕಷ್ಟ, ಫ್ಲೋರೈಡೂ ಸಿಗುವುದಿಲ್ಲ.

ಒಸಡಿನಲ್ಲಿ ರಕ್ತ ಬಂದಾಗ

ಉಜ್ಜುವಾಗ ರಕ್ತ ಕಂಡರೆ ಜನ ಆ ಜಾಗವನ್ನು ಮುಟ್ಟುವುದನ್ನೇ ಬಿಡುತ್ತಾರೆ. ಒಸಡಿನ ಕಾಯಿಲೆ ಕೈಮೀರುವುದು ಹೀಗೆಯೇ. ರಕ್ತ ಬರುವುದು ಸಾಮಾನ್ಯವಾಗಿ ಬ್ರಷ್ ಚುಚ್ಚಿದ್ದಕ್ಕಲ್ಲ, ಅಲ್ಲಿ ಪಾಚಿ ಕೂತು ಒಸಡು ಊದಿಕೊಂಡಿರುವುದಕ್ಕೆ. ಆ ಜಾಗವನ್ನೇ ಮೃದುವಾಗಿ, ತಪ್ಪದೆ ಉಜ್ಜಿ, ಸಂದಿಗೆ ದಾರ ಹಾಕಿ. ಒಂದೆರಡು ವಾರದಲ್ಲಿ ರಕ್ತ ನಿಂತರೆ ಸರಿ. ನಿಲ್ಲದಿದ್ದರೆ ಸಾಮಾನ್ಯವಾಗಿ ಒಳಗೆ ಗಟ್ಟಿ ಪಾಚಿ ಇರುತ್ತದೆ. ಮೆತ್ತನೆಯ ಪಾಚಿಗೆ ಎಂಜಲಿನ ಕ್ಯಾಲ್ಸಿಯಂ ಸೇರಿ ಕೆಲವೇ ದಿನಗಳಲ್ಲಿ ಸುಣ್ಣಗಲ್ಲಿನಂತಾಗುತ್ತದೆ. ಎಂಜಲಿನ ನಾಳಗಳು ತೆರೆಯುವ ಕೆಳಗಿನ ಮುಂಬಲ್ಲುಗಳ ಹಿಂದೆಯೇ ಅದು ಮೊದಲು ಕಾಣುವುದು. ಇದನ್ನು ಯಾವ ಪೇಸ್ಟೂ ತೆಗೆಯಲಾರದು, ದಂತವೈದ್ಯರ ಬಳಿ ಕ್ಲೀನಿಂಗ್ ಮಾಡಿಸಲೇಬೇಕು.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಊರೂರಲ್ಲಿದೆ. ನಡೆಯುವುದು ಇಷ್ಟು: ಪಾಚಿ ವರ್ಷಗಟ್ಟಲೆ ಕೂತು ಹಲ್ಲಿನ ಸುತ್ತಲ ಮೂಳೆಯನ್ನು ತಿಂದಿರುತ್ತದೆ. ಆ ಖಾಲಿ ಜಾಗದಲ್ಲಿ ಪಾಚಿಯೇ ಗಾರೆಯಂತೆ ತುಂಬಿಕೊಂಡಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಂದಿ, ಮೊದಲೇ ಇದ್ದ ಸಡಿಲ ಕಣ್ಣಿಗೆ ಬೀಳುತ್ತದೆ. ಕೆಲವು ದಿನ ಜುಮ್ಮೆನ್ನುವುದು ಸಹಜ. ಹಾಗೆಯೇ, ಮೇಲಿನ ದವಡೆ ಹಲ್ಲು ಕೀಳಿಸಿದರೆ ಕಣ್ಣಿನ ದೃಷ್ಟಿ ಹೋಗುತ್ತದೆ ಎಂಬುದೂ ಸುಳ್ಳು. ಕೀವಾದ ಹಲ್ಲನ್ನು ಹಾಗೇ ಇಟ್ಟುಕೊಳ್ಳುವುದರಲ್ಲೇ ಅಪಾಯವಿದೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಸಡಿನ ರೋಗ ಬೇಗ ಬರುತ್ತದೆ, ಒಸಡಿನ ರೋಗವಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಎರಡೂ ಒಂದನ್ನೊಂದು ಹೆಚ್ಚಿಸುತ್ತವೆ. ಮಧುಮೇಹದ ತಪಾಸಣೆಗೆ ಹೋಗುವವರು ವರ್ಷಕ್ಕೊಮ್ಮೆಯಾದರೂ ಒಸಡನ್ನೂ ತೋರಿಸಬೇಕು.

ಮಗುವಿಗೆ

ಹಲ್ಲು ಹುಟ್ಟುವ ಮೊದಲೇ ದಿನಕ್ಕೊಮ್ಮೆ ಒದ್ದೆ ಹತ್ತಿಬಟ್ಟೆಯಿಂದ ಒಸಡು ಒರೆಸಿ. ಸುಮಾರು ಆರು ತಿಂಗಳಿಗೆ ಮೊದಲ ಹಲ್ಲು ಬರುತ್ತದೆ, ಅಂದಿನಿಂದಲೇ ಬ್ರಷ್. ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಏಳೆಂಟು ವರ್ಷದವರೆಗೆ ಉಜ್ಜುವ ಕೆಲಸ ದೊಡ್ಡವರದೇ: ಮಗುವಿನ ತಲೆಯನ್ನು ನಿಮ್ಮ ತೊಡೆಯ ಮೇಲೆ ಮಲಗಿಸಿಕೊಂಡು, ಒಂದು ಬೆರಳಿನಿಂದ ತುಟಿ ಎತ್ತಿ ಹಿಡಿದು ಉಜ್ಜಿ. ತುಟಿ ಎತ್ತಿದಾಗ ಮೇಲಿನ ಮುಂಬಲ್ಲುಗಳ ಬುಡದಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಗುರುತು. ಈ ಹಂತದಲ್ಲಿ ಫ್ಲೋರೈಡ್ ಲೇಪನದಿಂದ ತಡೆಯಬಹುದು, ಕಂದು ಬಣ್ಣಕ್ಕೆ ತಿರುಗಿ ಗುಂಡಿ ಬಿದ್ದ ಮೇಲೆ ಆಗದು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಲಗಿಸುವುದು, ನಿಪ್ಪಲ್ಲಿಗೆ ಜೇನು ಸವರುವುದು ಇದಕ್ಕೆ ದೊಡ್ಡ ಕಾರಣ. (ಒಂದು ವರ್ಷದೊಳಗಿನ ಮಗುವಿಗೆ ಜೇನು ಹೇಗೂ ಕೊಡಬಾರದು.) ರಾತ್ರಿ ಕೊಡುವ ಸಿಹಿ ಸಿರಪ್ಪಿನ ನಂತರವೂ ಹಲ್ಲು ಒರೆಸಿ.

‘ಹೇಗೂ ಬಿದ್ದುಹೋಗುವ ಹಲ್ಲು’ ಎಂದು ಹಾಲುಹಲ್ಲನ್ನು ಕಡೆಗಣಿಸಬೇಡಿ. ಹಿಂದಿನ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷದವರೆಗೆ ಇರುತ್ತವೆ; ಬೇಗ ಕಳೆದರೆ ಪಕ್ಕದ ಹಲ್ಲು ವಾಲಿ, ಕೆಳಗಿನ ಹೊಸ ಹಲ್ಲು ವಕ್ರವಾಗುತ್ತದೆ.

ಆರನೆಯ ವರ್ಷದಲ್ಲಿ ಟಾರ್ಚ್ ಹಿಡಿದು ಮಗುವಿನ ಬಾಯಿ ನೋಡಿ. ಎಲ್ಲ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದೊಂದು ದೊಡ್ಡ ದವಡೆ ಹಲ್ಲು ಮೂಡಿರುತ್ತದೆ. ಯಾವುದೂ ಬಿದ್ದಿಲ್ಲವಾದ್ದರಿಂದ ಇದೂ ಹಾಲುಹಲ್ಲೇ ಎಂದು ತಂದೆತಾಯಿ ತಿಳಿಯುತ್ತಾರೆ. ಅದು ಶಾಶ್ವತ ಹಲ್ಲು, ಎಪ್ಪತ್ತು ವರ್ಷ ಅಗಿಯಬೇಕಾದದ್ದು. ಅದರ ಮೇಲ್ಮೈಯ ಆಳವಾದ ಗೀರುಗಳಿಗೆ ಬ್ರಷ್ಷಿನ ಎಳೆ ಹೊಗುವುದಿಲ್ಲ. ಪೂರ್ತಿ ಹೊರಬಂದ ಕೂಡಲೇ ದಂತವೈದ್ಯರಿಂದ ಸೀಲೆಂಟ್ ಹಾಕಿಸಿ. ಕೊರೆಯುವುದಿಲ್ಲ, ನೋವಿಲ್ಲ, ಗೀರುಗಳನ್ನು ಮುಚ್ಚುವ ತೆಳು ಲೇಪನ ಅಷ್ಟೇ. ಹನ್ನೆರಡರ ಹೊತ್ತಿಗೆ ಬರುವ ಎರಡನೆಯ ದವಡೆ ಹಲ್ಲಿಗೂ ಹೀಗೇ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಕೊಪ್ಪಳ, ರಾಯಚೂರಿನ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡೇ ಹೆಚ್ಚಿರುವ ಊರುಗಳಿವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಸುಮಾರು ಎಂಟು ವರ್ಷದೊಳಗೆ ಕುಡಿದು ಬೆಳೆದರೆ, ಆಗ ರೂಪುಗೊಳ್ಳುತ್ತಿರುವ ಹಲ್ಲುಗಳಲ್ಲಿ ಕಂದು ಪಟ್ಟೆ ಉಳಿಯುತ್ತದೆ, ಉಜ್ಜಿದರೆ ಹೋಗದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕುಡಿಯಲಷ್ಟೇ ಅಲ್ಲ, ಅನ್ನ ಸಾರು ಮಾಡಲೂ ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರನ್ನೇ ಬಳಸಿ. ಅಲ್ಲಿನ ಚಿಕ್ಕ ಮಕ್ಕಳಿಗೆ ಎಂಥ ಪೇಸ್ಟ್, ಎಷ್ಟು ಎಂದು ದಂತವೈದ್ಯರನ್ನು ಕೇಳಿ. ಪೇಸ್ಟ್ ನುಂಗದಂತೆ ನೋಡಿಕೊಳ್ಳಿ.

ಆಟವಾಡುವಾಗ ಶಾಶ್ವತ ಹಲ್ಲು ಬೇರುಸಹಿತ ಕಿತ್ತುಬಂದರೆ ಎಸೆಯಬೇಡಿ. ಬೇರನ್ನು ಮುಟ್ಟದೆ ಬಿಳಿ ಭಾಗ ಹಿಡಿದೆತ್ತಿ. ಮಣ್ಣಾಗಿದ್ದರೆ ಹಾಲಿನಲ್ಲಿ ಅಥವಾ ನೀರಿನಲ್ಲಿ ಹತ್ತು ಸೆಕೆಂಡು ಅದ್ದಿ ತೆಗೆಯಿರಿ. ಉಜ್ಜಬಾರದು, ಬಟ್ಟೆಯಲ್ಲಿ ಒರೆಸಬಾರದು. ಸಾಧ್ಯವಾದರೆ ಅದೇ ಗುಂಡಿಯಲ್ಲಿ ಕೂರಿಸಿ ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಮುಳುಗಿಸಿಕೊಂಡು ಅರ್ಧ ಗಂಟೆಯೊಳಗೆ ದಂತವೈದ್ಯರನ್ನು ತಲುಪಿ. ಹಾಲುಹಲ್ಲಾದರೆ ಮತ್ತೆ ಕೂರಿಸಬಾರದು, ಕೆಳಗಿನ ಹಲ್ಲಿಗೆ ಪೆಟ್ಟಾಗುತ್ತದೆ.

ನಡುವಯಸ್ಸು

ಬಸುರಿಯರಿಗೆ ಹಾರ್ಮೋನಿನ ಏರಿಳಿತದಿಂದ ಒಸಡು ಊದಿ ರಕ್ತ ಬರುವುದುಂಟು. ವಾಂತಿಯಾದ ಕೂಡಲೇ ಉಜ್ಜದೆ, ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ. ಹೆರಿಗೆಯಾಗಲಿ ಎಂದು ಹಲ್ಲುನೋವು ತಡೆದುಕೊಳ್ಳಬೇಕಿಲ್ಲ. ನಾಲ್ಕರಿಂದ ಆರನೇ ತಿಂಗಳು ಚಿಕಿತ್ಸೆಗೆ ಅನುಕೂಲದ ಕಾಲ, ಗರ್ಭಿಣಿಯೆಂದು ವೈದ್ಯರಿಗೆ ಮೊದಲೇ ಹೇಳಿ. ಯಾರೇ ಆಗಲಿ, ಹಲ್ಲುನೋವಿಗೆ ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಂಡರೆ ಆ ಜಾಗ ಸುಟ್ಟು ಹುಣ್ಣಾಗುತ್ತದೆ.

ಅಡಿಕೆ ನಮ್ಮ ನಾಡಿನ ಬೆಳೆ, ತಾಂಬೂಲ ನಮ್ಮ ಮರ್ಯಾದೆ, ಆದರೂ ಹೇಳಲೇಬೇಕು. ಹೊಗೆಸೊಪ್ಪು ಇಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ದಿನವೂ ಅಡಿಕೆ, ಗುಟ್ಕಾ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯಲಾಗದಂತೆ ಬಿಗಿಯುತ್ತದೆ. ಮನೆಯಲ್ಲೇ ನೋಡಿ: ನಡುವಿನ ಮೂರು ಬೆರಳನ್ನು ಜೋಡಿಸಿ ನೆಟ್ಟಗೆ ನಿಲ್ಲಿಸಿದರೆ ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ತಡಮಾಡದೆ ತೋರಿಸಿ. ನೋವಿಲ್ಲ ಎಂದು ಸುಮ್ಮನಿರಬೇಡಿ, ಶುರುವಿನಲ್ಲಿ ಅದು ನೋಯುವುದಿಲ್ಲ.

ಹಿರಿಯರಿಗೆ

ವಯಸ್ಸಾದಂತೆ ಹಲ್ಲು ಬಿದ್ದೇಬೀಳುತ್ತವೆ ಎಂಬುದು ನಿಯಮವಲ್ಲ. ಆದರೆ ಒಸಡು ಜಾರಿ ಬೇರು ಹೊರಬಿದ್ದಿರುತ್ತದೆ. ಬೇರಿಗೆ ಎನಾಮಲ್ ಇಲ್ಲ, ಹುಳುಕು ಬೇಗ ಹರಡುತ್ತದೆ. ಬಿಪಿ, ನಿದ್ದೆ, ಖಿನ್ನತೆಯ ಹಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಅದಕ್ಕೆ ಪೆಪ್ಪರ್‌ಮಿಂಟ್ ಚೀಪುವುದು ಬೇಡ, ಆಗಾಗ ಗುಟುಕು ನೀರು ಕುಡಿಯಿರಿ. ಹಲ್ಲು ಕೀಳಿಸುವ ಮೊದಲು ರಕ್ತ ತೆಳುವಾಗಿಸುವ ಮಾತ್ರೆ, ಮೂಳೆಸವೆತದ ಮಾತ್ರೆ ಅಥವಾ ಇಂಜೆಕ್ಷನ್ ಬಗ್ಗೆ ಹೇಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು.

ಹಲ್ಲುಸೆಟ್ಟನ್ನು ರಾತ್ರಿ ತೆಗೆದಿಡಿ, ಒಸಡಿಗೂ ಉಸಿರು ಬೇಕು. ತೊಳೆಯುವಾಗ ಸಿಂಕಿನಲ್ಲಿ ಅರ್ಧ ನೀರು ತುಂಬಿ ಅದರ ಮೇಲೆ ಹಿಡಿಯಿರಿ, ಕೈಜಾರಿದರೂ ಒಡೆಯದು. ಪೇಸ್ಟ್ ಗೀರು ಮಾಡುತ್ತದೆ, ಸಾದಾ ಸೋಪಿನ ನೀರು ಮತ್ತು ಮೆತ್ತನೆ ಬ್ರಷ್ ಸಾಕು. ಬಿಸಿನೀರಿನಲ್ಲಿ ಸೊಟ್ಟಗಾಗುತ್ತದೆ, ಒಣಗಿದರೂ ಆಕಾರ ಕೆಡುತ್ತದೆ, ಆದ್ದರಿಂದ ತಣ್ಣೀರಿನ ಬಟ್ಟಲಿನಲ್ಲಿಡಿ.

ಹಾಸಿಗೆ ಹಿಡಿದವರಿಗೆ ಉಜ್ಜುವಾಗ ದಿಂಬು ಕೊಟ್ಟು ಒರಗಿಸಿ ಕೂರಿಸಿ, ಅದೂ ಆಗದಿದ್ದರೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ. ಗಲ್ಲದ ಕೆಳಗೆ ಟವೆಲ್ ಹಾಸಿ. ಬ್ರಷ್ ಒದ್ದೆಯಾಗಿದ್ದರೆ ಸಾಕು, ನೀರು ಸುರಿಯಬೇಡಿ. ನೊರೆ ಗಂಟಲಿಗಿಳಿಯದಂತೆ ಪೇಸ್ಟ್ ಒಂದಿಷ್ಟೇ ಇರಲಿ. ನಾಲ್ಕು ಹಲ್ಲು ಉಜ್ಜಿ, ಸುತ್ತಿದ ಹತ್ತಿಬಟ್ಟೆಯಿಂದ ಒರೆಸಿ, ಮತ್ತೆ ನಾಲ್ಕು. ಹಲ್ಲಿಲ್ಲದಿದ್ದರೂ ಒಸಡು, ನಾಲಿಗೆ, ಕೆನ್ನೆಯ ಒಳಗೆ ಅನ್ನದ ಅಗುಳು ಉಳಿದಿದೆಯೇ ಎಂದು ನೋಡಿ ಒರೆಸಿಯೇ ದೀಪ ಆರಿಸಿ. ಬಾಯಿಯ ಕೊಳೆ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.