ಗುಲಾಮ, ಬಿಟ್ಟಿ, ಕೂಲಿ: ಮಾರ್ಕ್ಸ್‌ನನ್ನು ಓದಿಸುವುದು ಹೇಗೆ?

ದಾವಣಗೆರೆಯ ಹುಡುಗರ ಅಧ್ಯಯನ ಕೂಟಗಳಲ್ಲಿ ಕೂತು ನೋಡಿದ್ದೇನೆ. ‘ಗುಲಾಮನೂ ಕೂಲಿಯವನೂ ಒಂದೇ’ ಎಂದು ಯಾರೋ ಮಾತು ಶುರುಮಾಡುತ್ತಾರೆ, ಅಲ್ಲಿಗೆ ಮಾರ್ಕ್ಸ್ ಕೈತಪ್ಪಿದ ಹಾಗೆಯೇ.

ಮೊದಲು ಏಳೆಂಟು ಜನ ಸೇರಿ, ಮಾರ್ಕ್ಸ್‌ನ 1867ರ ‘ಬಂಡವಾಳ’ ಮೊದಲ ಸಂಪುಟದ ಕೂಲಿಯ ಅಧ್ಯಾಯ ತೆರೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಎರಡು ಪುಟದ ಸಾರಾಂಶ ಬೇಡವೇ ಬೇಡ.

ಎರಡನೆಯದು ಈ ಮೂರು ಬಗೆಯ ದುಡಿಮೆಯ ವ್ಯತ್ಯಾಸ, ಎಲ್ಲರೂ ಎಡವುವ ಜಾಗ. ಒಂದು ತಾಸು ಹೋದರೂ ಹೋಗಲಿ. ನಾನು ಮಂಡಕ್ಕಿ ಭಟ್ಟಿಯಿಂದ ಶುರುಮಾಡುತ್ತೇನೆ. ಕಾದ ಮರಳಿನ ಮುಂದೆ ನಿಂತವನ ದುಡಿಮೆ ಹತ್ತು ತಾಸು ಎಂದಿಟ್ಟುಕೊಳ್ಳಿ. ಐದು ತಾಸಿಗೇ ಅವನ ಕೂಲಿಯಷ್ಟು ಹುಟ್ಟಿತು, ಉಳಿದ ಐದು ಮಾಲೀಕನ ಪಾಲು. ಆದರೆ ಸಂಜೆ ಕೈಗೆ ಬರುವ ದುಡ್ಡು ಹತ್ತೂ ತಾಸಿಗೆ ಕೊಟ್ಟಂತೆ ಕಾಣುತ್ತದೆ. ಬಿಟ್ಟಿ ಚಾಕರಿಯಲ್ಲಿ ಹಾಗಲ್ಲ: ತನ್ನ ಹೊಲದಲ್ಲಿ ಗೇಯ್ದ ದಿನ ಬೇರೆ, ಜಮೀನ್ದಾರನ ಹೊಲದಲ್ಲಿ ಗೇಯ್ದ ದಿನ ಬೇರೆ. ಗುಲಾಮನದು ಪೂರಾ ಉಲ್ಟಾ: ತನ್ನ ಅನ್ನಕ್ಕೆಂದು ದುಡಿದ ತಾಸುಗಳೂ ಒಡೆಯನಿಗೆ ಪುಕ್ಕಟೆ ದುಡಿದಂತೆಯೇ ತೋರುತ್ತವೆ. ಹಿಂಡುವುದು ಮೂರರಲ್ಲೂ ಇದೆ, ಅದು ಕಣ್ಣಿಗೆ ಕಾಣುವ ಬಗೆ ಬೇರೆ. ಬಾಯಲ್ಲಿ ಹೇಳಿ ಮುಗಿಸಬೇಡಿ. ಸೀಮೆಸುಣ್ಣದಲ್ಲಿ ಮೂರು ಪಟ್ಟಿ ಎಳೆದು, ಕೊಟ್ಟಂತೆ ಕಾಣುವ ತಾಸುಗಳಿಗೆ ಬಣ್ಣ ತುಂಬಿಸಿ. ಜೀತವನ್ನು ಗುಲಾಮನ ಪಟ್ಟಿಗೆ ತುರುಕಬೇಡಿ. ಗುಲಾಮನನ್ನು ಕೊಳ್ಳುತ್ತಾರೆ, ಜೀತದಾಳನ್ನು ಸಾಲ ಕಟ್ಟಿಹಾಕುತ್ತದೆ; 1976ರ ಕಾಯ್ದೆ ರದ್ದು ಮಾಡಿದ್ದು ಆ ಕಟ್ಟನ್ನು. ಅದಕ್ಕೆ ನಾಲ್ಕನೇ ಪಟ್ಟಿ ಎಳೆಯಿರಿ.

ಇನ್ನು ನೀತಿ. ‘ಮಾರ್ಕ್ಸ್‌ವಾದಿಗಳಿಗೆ ನೀತಿಯೇ ಇಲ್ಲ’ ಎಂದು ಒಬ್ಬರಾದರೂ ಅನ್ನುತ್ತಾರೆ. ವರ್ಗಗಳಿರುವ ಸಮಾಜದಲ್ಲಿ ನೀತಿ ಯಾವತ್ತೂ ವರ್ಗನೀತಿಯೇ ಎಂದು ಮಾರ್ಕ್ಸ್‌ನ ಜೊತೆಗಾರ ಎಂಗೆಲ್ಸ್ 1878ರಲ್ಲಿ ಬರೆದ. ಗುಲಾಮಗಿರಿ ಸರಿ ಎಂದು ಅದರರ್ಥವಲ್ಲ. ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂಬ ಗಾದೆ ಕೊಟ್ಟು, ಆ ಮನೆಯ ಅಕ್ಕಿ ಬೆಳೆದವರು ಯಾರು ಎಂದು ಕೇಳಿ. ಒಮ್ಮೆ ಹಳೇ ಮಿಲ್ ಕಾರ್ಮಿಕರೊಬ್ಬರು ಕನ್ನಡಕ ತೆಗೆದು ಒರೆಸುತ್ತಾ, ‘ನಮಗೂ ಇದನ್ನೇ ಹೇಳ್ತಿದ್ರು ಕಣಪ್ಪಾ’ ಎಂದರು. ಆಮೇಲೆ ನಾನು ವಿವರಿಸಬೇಕಾದ್ದೇನೂ ಉಳಿಯಲಿಲ್ಲ.

ಕೊನೆಗೆ ಮ್ಯಾಂಚೆಸ್ಟರ್. ಹತ್ತಿ ಗಿರಣಿಗಳಿಂದಾಗಿ ನಮ್ಮೂರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆದದ್ದು ಎಲ್ಲರಿಗೂ ಗೊತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತು ಗಿರಣಿಗಳು ಮುಚ್ಚಿ, ಹೊಟ್ಟೆಗಿಲ್ಲದ ಹೊತ್ತಲ್ಲೂ ಇಂಗ್ಲೆಂಡಿನ ಆ ಮ್ಯಾಂಚೆಸ್ಟರಿನ ಕಾರ್ಮಿಕರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಅಮೆರಿಕದ ಅಧ್ಯಕ್ಷ ಲಿಂಕನ್ ಜೊತೆ ನಿಂತರು. 1864ರ ನವೆಂಬರಿನಲ್ಲಿ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದ ಪರವಾಗಿ ಲಿಂಕನ್‌ಗೆ ಪತ್ರ ಬರೆದುಕೊಟ್ಟವನು ಮಾರ್ಕ್ಸ್. ಆ ಪತ್ರವನ್ನು ನೀವು ಓದಬೇಡಿ. ಹತ್ತಿ ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರನ್ನು ಕರೆಸಿ, ಅವರಿಂದಲೇ ಗಟ್ಟಿಯಾಗಿ ಓದಿಸಿ.