ತುಮಕೂರಿನಿಂದ ಹಡಗಿನ ಕೆಲಸಕ್ಕೆ: ತರಬೇತಿಗೆ ಸೇರುವ ಕ್ರಮ

ತುಮಕೂರು ಜಿಲ್ಲೆಯಿಂದ ಕಡಲು ನೋಡಬೇಕೆಂದರೆ ಒಂದೋ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕು, ಇಲ್ಲವೇ ಬೆಂಗಳೂರು ದಾಟಿ ಚೆನ್ನೈಗೆ ಹೋಗಬೇಕು. ಮನೆಯಲ್ಲಿಯಾಗಲಿ ಊರಿನಲ್ಲಿಯಾಗಲಿ ಹಡಗಿನಲ್ಲಿ ದುಡಿದವರು ಒಬ್ಬರೂ ಇಲ್ಲದ ಕಾರಣ, ಈ ಕೆಲಸದ ಬಗ್ಗೆ ಮೊದಲು ಮಾಹಿತಿ ಕೊಡುವವನು ಸಾಮಾನ್ಯವಾಗಿ ಏಜೆಂಟನೇ ಆಗಿರುತ್ತಾನೆ. ತರಬೇತಿಗೆ ಸೇರುವ ಕ್ರಮವನ್ನು ಅವನಿಂದ ಕೇಳುವುದಕ್ಕೆ ಮುಂಚೆ ತಿಳಿದುಕೊಂಡಿರುವುದು ಒಳ್ಳೆಯದು, ಏಕೆಂದರೆ ಹಣ ಕಳೆದುಕೊಂಡವರಲ್ಲಿ ಹೆಚ್ಚಿನವರು ಎಡವಿರುವುದು ಈ ಕ್ರಮವನ್ನು ತಿರುವುಮುರುವು ಮಾಡಿದ್ದರಿಂದಲೇ.

ಮೊದಲಿಗೆ ಒಂದು ವ್ಯತ್ಯಾಸ ಸ್ಪಷ್ಟವಾಗಿರಲಿ. ಭಾರತೀಯ ನೌಕಾಪಡೆ ರಕ್ಷಣಾ ಇಲಾಖೆಯದು; ಅಲ್ಲಿ ಆಯ್ಕೆಯಾದವರಿಗೆ ಸರ್ಕಾರವೇ ಸಂಬಳ ಕೊಟ್ಟು ತರಬೇತಿ ನೀಡುತ್ತದೆ. ಮರ್ಚೆಂಟ್ ನೇವಿ ಎಂದರೆ ಸರಕು ಸಾಗಿಸುವ ವಾಣಿಜ್ಯ ಹಡಗುಗಳ ಕೆಲಸ. ಅಲ್ಲಿ ಯಾವ ಸಂಸ್ಥೆಯಲ್ಲಿ ತರಬೇತಿ ಪಡೆಯಬೇಕೆಂಬುದು ನಮ್ಮ ಆಯ್ಕೆ, ಶುಲ್ಕವೂ ನಮ್ಮದೇ. ಈ ತರಬೇತಿಯ ಮೇಲ್ವಿಚಾರಣೆ ಮುಂಬೈಯಲ್ಲಿರುವ ಡೈರೆಕ್ಟೊರೇಟ್ ಜನರಲ್ ಆಫ್ ಶಿಪ್ಪಿಂಗ್‌ನದು. ಹಡಗಿನವರು ಅದನ್ನು ಡಿ.ಜಿ. ಶಿಪ್ಪಿಂಗ್ ಎಂದೇ ಕರೆಯುತ್ತಾರೆ.

ಯಾವ ಕೋರ್ಸು, ಎಷ್ಟು ಶುಲ್ಕ ಎಂದು ವಿಚಾರಿಸುವುದಕ್ಕಿಂತ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು. ಹಡಗು ನಡೆಸುವ, ಕಾವಲು ಕಾಯುವ ಡೆಕ್ ವಿಭಾಗಕ್ಕೆ ಸೇರುವವರಿಗೆ ಕನ್ನಡಕವಿಲ್ಲದೆಯೇ ಚೆನ್ನಾಗಿ ಕಾಣಬೇಕು, ಬಣ್ಣಗುರುಡು ಇರಕೂಡದು. ಇದು ಕೇವಲ ಕಾಗದದ ನಿಯಮವಲ್ಲ. ರಾತ್ರಿ ವೇಳೆ ಹಡಗಿನ ಎಡಬದಿಯಲ್ಲಿ ಕೆಂಪು ದೀಪ, ಬಲಬದಿಯಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ. ಎದುರಿಗೆ ಕಾಣುವ ಹಡಗು ಯಾವ ದಿಕ್ಕಿಗೆ ಸಾಗುತ್ತಿದೆ, ದಾರಿ ಬಿಡಬೇಕಾದವರು ಯಾರು ಎಂಬುದನ್ನು ಕಾವಲಿಗೆ ನಿಂತವನು ಆ ಬಣ್ಣಗಳಿಂದಲೇ ನಿರ್ಣಯಿಸಬೇಕಾಗುತ್ತದೆ. ಎಂಜಿನ್ ವಿಭಾಗದಲ್ಲಿ ಒಂದು ಮಿತಿಯೊಳಗಿನ ಕನ್ನಡಕಕ್ಕೆ ಅವಕಾಶವಿದೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿರುವ ಅಂಕಿಯನ್ನು ಓದಿಸುವ ಇಶಿಹಾರ ಪರೀಕ್ಷೆಯನ್ನು ತುಮಕೂರಿನ ಕಣ್ಣಿನ ವೈದ್ಯರಲ್ಲಿಯೇ ಮಾಡಿಸಬಹುದು. ಅದರಲ್ಲಿ ತೇರ್ಗಡೆಯಾದರೆ, ಮುಂದೆ ಡಿ.ಜಿ. ಶಿಪ್ಪಿಂಗ್ ಮಾನ್ಯ ಮಾಡಿರುವ ವೈದ್ಯರಿಂದ ಪೂರ್ಣ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ಇದಾಗುವವರೆಗೆ ಯಾವ ಸಂಸ್ಥೆಗೂ ಮುಂಗಡ ಕೊಡಬಾರದು.

ಎರಡನೆಯದು ಹೆಸರಿನ ವಿಚಾರ, ನಮ್ಮ ಕಡೆಯವರಿಗೆ ಇದು ವಿಶೇಷವಾಗಿ ಕಾಡುವಂಥದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಅದೂ ಇರುವುದಿಲ್ಲ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಬಿಡಿಸಿ ಬರೆದಿರುತ್ತದೆ. ನಾವಿಕನ ಪ್ರತಿಯೊಂದು ದಾಖಲೆಯೂ ಪಾಸ್‌ಪೋರ್ಟಿನೊಂದಿಗೆ ತಾಳೆಯಾಗಬೇಕಾದುದರಿಂದ, ಹೆಸರು ಮತ್ತು ಜನ್ಮದಿನಾಂಕ ಎಲ್ಲ ಕಡೆಯೂ ಒಂದೇ ರೀತಿ ಇರುವಂತೆ ಈಗಲೇ ತಿದ್ದಿಸಿಕೊಳ್ಳಬೇಕು. ತರಬೇತಿಯ ನಡುವೆ ಇದಕ್ಕಾಗಿ ಊರಿಗೆ ಓಡಿಬರುವುದು ಬಹಳ ತೊಂದರೆಯ ಕೆಲಸ.

ಆಮೇಲೆ ದಾರಿಯ ಆಯ್ಕೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಈ ಮೂರರಲ್ಲಿ ಒಟ್ಟು ಶೇ. 60ರಷ್ಟು, ಇಂಗ್ಲಿಷಿನಲ್ಲಿ ಶೇ. 50ರಷ್ಟು ಅಂಕ ಪಡೆದವರು ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. 2008ರಲ್ಲಿ ಸ್ಥಾಪನೆಯಾದ ಈ ಕೇಂದ್ರೀಯ ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಚೆನ್ನೈಯಲ್ಲಿದ್ದು, ಮುಂಬೈ, ಕೋಲ್ಕತ್ತ, ವಿಶಾಖಪಟ್ಟಣ ಮತ್ತು ಕೊಚ್ಚಿಯಲ್ಲಿಯೂ ಕ್ಯಾಂಪಸ್‌ಗಳಿವೆ. ಡೆಕ್ ಅಧಿಕಾರಿಯಾಗಲು ಮೂರು ವರ್ಷದ ನಾಟಿಕಲ್ ಸೈನ್ಸ್ ಬಿ.ಎಸ್ಸಿ. ಅಥವಾ ಒಂದು ವರ್ಷದ ಡಿಪ್ಲೊಮಾ, ಎಂಜಿನ್ ಅಧಿಕಾರಿಯಾಗಲು ನಾಲ್ಕು ವರ್ಷದ ಮರೀನ್ ಎಂಜಿನಿಯರಿಂಗ್ ಬಿ.ಟೆಕ್. ಇರುತ್ತದೆ. ಡಿಪ್ಲೊಮಾಗೆ ಹಡಗು ಕಂಪನಿಯೊಂದರ ಪ್ರಾಯೋಜಕತ್ವ ಬೇಕಾಗುವುದರಿಂದ, ಅದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು.

ಹತ್ತನೇ ತರಗತಿಯವರೆಗೆ ಓದಿದವರಿಗೆ ಆರು ತಿಂಗಳ ಜಿ.ಪಿ. ರೇಟಿಂಗ್ ಕೋರ್ಸ್ ಇದೆ. ಡೆಕ್ ಮತ್ತು ಎಂಜಿನ್ ಎರಡೂ ಕಡೆ ಸಹಾಯಕರಾಗಿ ದುಡಿಯುವವರನ್ನು ಇದು ಸಿದ್ಧಗೊಳಿಸುತ್ತದೆ. ಈ ಕೋರ್ಸನ್ನು ನಡೆಸುವವು ಬಹುಪಾಲು ಖಾಸಗಿ ಸಂಸ್ಥೆಗಳು. ಆದ್ದರಿಂದ ಡಿ.ಜಿ. ಶಿಪ್ಪಿಂಗ್ ಜಾಲತಾಣದ ಮಾನ್ಯತಾ ಪಟ್ಟಿಯಲ್ಲಿ ಸಂಸ್ಥೆಯ ಹೆಸರಷ್ಟೇ ಅಲ್ಲ, ನೀವು ಸೇರಲಿರುವ ಕೋರ್ಸಿನ ಹೆಸರೂ ಇದೆಯೇ ಎಂದು ನೋಡಬೇಕು. ಹೆಣ್ಣುಮಕ್ಕಳಿಗೂ ಈ ದಾರಿಗಳು ತೆರೆದಿವೆ.

ಯಾವ ದಾರಿ ಹಿಡಿದರೂ ಸುರಕ್ಷತೆಯ ಮೂಲ ತರಬೇತಿ ತಪ್ಪುವುದಿಲ್ಲ. ನಾವಿಕರ ತರಬೇತಿಗೆ ಸಂಬಂಧಿಸಿದ 1978ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬಂದ ಕಟ್ಟಳೆ ಇದು. ನಾವಿಕರ ಬಾಯಲ್ಲಿ ಎಸ್.ಟಿ.ಸಿ.ಡಬ್ಲ್ಯು. ಎಂದೇ ಬಳಕೆ. ಲೈಫ್ ಜಾಕೆಟ್ ತೊಟ್ಟು ನೀರಿಗೆ ಧುಮುಕುವುದು, ಮಗುಚಿದ ಲೈಫ್ ರಾಫ್ಟನ್ನು ನೀರಿನಲ್ಲಿದ್ದುಕೊಂಡೇ ಸರಿಪಡಿಸಿ ಹತ್ತುವುದು, ಉಸಿರಾಟದ ಉಪಕರಣ ಧರಿಸಿ ಹೊಗೆ ತುಂಬಿದ ಕೋಣೆಗೆ ಇಳಿಯುವುದು, ಎಣ್ಣೆಯ ಬೆಂಕಿಗೂ ವಿದ್ಯುತ್ತಿನ ಬೆಂಕಿಗೂ ಯಾವ ನಂದಿಸುವ ಸಾಧನ ಬಳಸಬೇಕೆಂದು ತಿಳಿಯುವುದು, ಪ್ರಥಮ ಚಿಕಿತ್ಸೆ ಮಾಡುವುದು, ಇವೆಲ್ಲ ಅದರಲ್ಲಿ ಸೇರಿವೆ. ಮುಚ್ಚಿದ ಟ್ಯಾಂಕಿನೊಳಗೆ ಇಳಿಯುವ ಮುನ್ನ ಗಾಳಿಯಲ್ಲಿ ಆಮ್ಲಜನಕ ಸಾಕಷ್ಟಿದೆಯೇ ಎಂದು ಅಳೆಯುವ ಪಾಠವನ್ನು ವಿಶೇಷ ಗಮನವಿಟ್ಟು ಕಲಿಯಬೇಕು; ತುಕ್ಕು ಹಿಡಿಯುವ ಕಬ್ಬಿಣವೇ ಅಲ್ಲಿನ ಆಮ್ಲಜನಕವನ್ನು ಹೀರಿಕೊಂಡಿರಬಹುದು, ಮತ್ತು ಒಳಗೆ ಕುಸಿದವನನ್ನು ಎತ್ತಲು ಗಾಬರಿಯಿಂದ ಇಳಿದವರೂ ಜೀವ ಬಿಟ್ಟಿರುವುದುಂಟು. ಹಳೆಯ ಬಾವಿಗೆ ಇಳಿದು ಒಬ್ಬರ ಹಿಂದೆ ಒಬ್ಬರು ಸತ್ತ ಸುದ್ದಿ ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕೆರೆಯಲ್ಲಿ ಈಜಿ ಅಭ್ಯಾಸವಿದ್ದರೆ ಧೈರ್ಯಕ್ಕೆ ನೆರವಾಗುತ್ತದೆ, ಆದರೆ ಸಮುದ್ರದಲ್ಲಿ ಬದುಕಿಸುವುದು ಈಜಿನ ವೇಗವಲ್ಲ. ತೇಲುತ್ತ, ಮೈಯ ಶಾಖ ಉಳಿಸಿಕೊಂಡು ಕಾಯುವ ತಾಳ್ಮೆ.

ಈ ಮೂಲ ತರಬೇತಿಯ ಪ್ರಮಾಣಪತ್ರಗಳನ್ನು ಮಾತ್ರ ಕೊಡಿಸಿ ‘ಹಡಗು ಗ್ಯಾರಂಟಿ’ ಎನ್ನುವವರನ್ನು ನಂಬಬಾರದು; ಸುಮಾರು ಎರಡು ವಾರದ ಈ ಕೋರ್ಸುಗಳು ಕಡ್ಡಾಯವೇ ಹೊರತು ಅಷ್ಟರಿಂದಲೇ ಕೆಲಸ ಸಿಗುವುದಿಲ್ಲ. ತರಬೇತಿಗೆ ಸೇರುವಾಗ ಇಂಡೋಸ್ ಸಂಖ್ಯೆಯನ್ನೂ (ಭಾರತೀಯ ನಾವಿಕರ ದಾಖಲೆಯಲ್ಲಿ ಪ್ರತಿಯೊಬ್ಬರಿಗೂ ಕೊಡುವ ಗುರುತಿನ ಸಂಖ್ಯೆ), ಮುಗಿದ ಮೇಲೆ ಸಿ.ಡಿ.ಸಿ. ಪುಸ್ತಕವನ್ನೂ (ಹಡಗಿನ ಸೇವೆ ದಾಖಲಾಗುವ ನಾವಿಕ ಪುಸ್ತಕ) ಪಡೆಯಬೇಕು, ಎರಡಕ್ಕೂ ಅರ್ಜಿ ಆನ್‌ಲೈನಿನಲ್ಲಿಯೇ ಸಲ್ಲುತ್ತದೆ. ಕೆಲಸಕ್ಕೆ ಕಳುಹಿಸುವ ಕಂಪನಿಗೆ ಆರ್.ಪಿ.ಎಸ್.ಎಲ್., ಅಂದರೆ ನಾವಿಕರನ್ನು ನೇಮಿಸಿ ಹಡಗಿಗೆ ಕಳುಹಿಸುವ ಪರವಾನಗಿ, ಇರಬೇಕು, ಅದರ ಸಂಖ್ಯೆ ಇಂದಿಗೂ ಜಾರಿಯಲ್ಲಿದೆಯೇ ಎಂದು ಡಿ.ಜಿ. ಶಿಪ್ಪಿಂಗ್ ಜಾಲತಾಣದಲ್ಲಿ ನೀವೇ ಪರಿಶೀಲಿಸಬೇಕು. 2006ರ ಕಡಲ ಕಾರ್ಮಿಕ ಒಪ್ಪಂದವನ್ನು ಭಾರತ 2015ರಲ್ಲಿ ಅಂಗೀಕರಿಸಿದೆ. ಅದರ ಪ್ರಕಾರ ಕೆಲಸ ಕೊಡಿಸುವುದಕ್ಕಾಗಿ ನಾವಿಕನಿಂದ ಹಣ ವಸೂಲಿ ಮಾಡುವಂತಿಲ್ಲ. ಪಾಸ್‌ಪೋರ್ಟ್, ವೈದ್ಯಕೀಯ ಪ್ರಮಾಣಪತ್ರ, ನಾವಿಕ ಪುಸ್ತಕದಂಥ ದಾಖಲೆಗಳ ವೆಚ್ಚ ಮಾತ್ರ ನಿಮ್ಮದು. ಜಮೀನು ಅಡವಿಡಲು ಹೊರಟಿರುವ ತಂದೆತಾಯಿಗೆ ಈ ನಿಯಮವನ್ನು ಓದಿ ಹೇಳಿ.

ಹಡಗು ಹತ್ತಿದ ಮೇಲೆಯೂ ಬೆಂಕಿ ನಂದಿಸುವ ಮತ್ತು ನೀರಿನಲ್ಲಿ ಜೀವ ಉಳಿಸಿಕೊಳ್ಳುವ ತರಬೇತಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗುತ್ತದೆ. ರಜೆಗೆ ಊರಿಗೆ ಬಂದಾಗ ಪ್ರಮಾಣಪತ್ರಗಳ ದಿನಾಂಕ ನೋಡಿಕೊಂಡು, ಚೆನ್ನೈ ಅಥವಾ ಮುಂಬೈಯಲ್ಲಿ ಸೀಟು ಕಾಯ್ದಿರಿಸಿದ ನಂತರವೇ ರೈಲಿನ ಟಿಕೆಟ್ ಮಾಡಿಸುವುದು ಲೇಸು.