ಮಾಹಿತಿ ಹಕ್ಕಿನ ಅರ್ಜಿಗೆ ಎಐ ನೆರವು: ಪ್ರಾಂಪ್ಟ್ ಬರೆಯುವ ಬಗೆ

ಚಾಟ್‌ಜಿಪಿಟಿ, ಜೆಮಿನಿ ಮೊದಲಾದ ಎಐ ಭಾಷಾ ಮಾದರಿಗಳಿಗೆ “ನಮ್ಮೂರ ರಸ್ತೆಯ ಬಗ್ಗೆ ಆರ್‌ಟಿಐ ಅರ್ಜಿ ಬರೆದುಕೊಡಿ” ಎಂದಷ್ಟೇ ಹೇಳಿದರೂ ಅರ್ಜಿ ಕ್ಷಣದಲ್ಲಿ ಸಿದ್ಧವಾಗುತ್ತದೆ. ಆದರೆ ಅದರಲ್ಲಿ ಊರಿನವರ ಕಷ್ಟದ ವರ್ಣನೆ, ಮಾಹಿತಿ ಏಕೆ ಬೇಕೆಂಬ ಸಮಜಾಯಿಷಿ, ವಿಳಂಬಕ್ಕೆ ಹೊಣೆ ಯಾರೆಂಬ ಪ್ರಶ್ನೆ ಇವೆಲ್ಲ ತುಂಬಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಮಾದರಿಯು ತಾನು ಕಲಿತ ಅಪಾರ ಪಠ್ಯದ ಬಲದಿಂದ ಮುಂದೆ ಬರಬಹುದಾದ ಮಾತನ್ನು ಊಹಿಸುತ್ತ ಬರೆಯುವುದರಿಂದ, ನಾವು ಹೇಳದೆ ಬಿಟ್ಟ ಜಾಗವನ್ನೂ ಊಹೆಯಿಂದಲೇ ತುಂಬುತ್ತದೆ. ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ ಬರೆದುಕೊಡುವವರು ಯಾವ ಹೋಬಳಿ, ಯಾವ ಸರ್ವೆ ನಂಬರು ಎಂದು ವಿಚಾರಿಸಿಕೊಂಡೇ ಪೆನ್ನು ಎತ್ತುತ್ತಾರೆ. ಮಾದರಿಯು ಅನೇಕ ವೇಳೆ ಏನನ್ನೂ ಕೇಳದೆ ಬರೆದುಬಿಡುತ್ತದೆ. ಆದ್ದರಿಂದ ವಿಷಯವನ್ನೂ ಮಿತಿಯನ್ನೂ ನಾವೇ ಒದಗಿಸಿ, ವಾಕ್ಯ ಜೋಡಿಸುವ ಕೆಲಸವನ್ನು ಮಾತ್ರ ಅದಕ್ಕೆ ಬಿಡಬೇಕು.

ಪ್ರಾಂಪ್ಟ್‌ಗೆ, ಅಂದರೆ ಮಾದರಿಗೆ ಬರೆದುಕೊಡುವ ಸೂಚನೆಗೆ, ಕೈಹಾಕುವ ಮುನ್ನ ಕಾನೂನಿನ ಕೆಲವು ಅಂಶಗಳು ತಿಳಿದಿರಬೇಕು. 2005ರ ಮಾಹಿತಿ ಹಕ್ಕು ಅಧಿನಿಯಮದ 6(2)ನೇ ಪ್ರಕರಣದ ಪ್ರಕಾರ ಅರ್ಜಿದಾರರು ಕಾರಣ ಕೊಡಬೇಕಾಗಿಲ್ಲ. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು, ಅರ್ಜಿ ಶುಲ್ಕ 10 ರೂಪಾಯಿ. ಎಲ್ಲಕ್ಕಿಂತ ಮುಖ್ಯವಾಗಿ, ಈ ಕಾನೂನಿನಡಿ ಸಿಗುವುದು ದಾಖಲೆಯಲ್ಲಿರುವ ಮಾಹಿತಿಯೇ ಹೊರತು ಅಧಿಕಾರಿಯ ವಿವರಣೆಯಲ್ಲ. “ರಸ್ತೆ ಏಕೆ ಕಿತ್ತುಹೋಯಿತು?” ಎಂದು ಕೇಳಿದ ಅರ್ಜಿಗೆ ಹಿಂಬರಹ ಬರೆದು ಮುಗಿಸಿಬಿಡಬಹುದು, ಕಾಮಗಾರಿಯ ಅಳತೆಗಳನ್ನು ದಾಖಲಿಸುವ ಅಳತೆ ಪುಸ್ತಕದ ಪ್ರತಿ ಕೇಳಿದ ಅರ್ಜಿಯನ್ನು ಹಾಗೆ ತಳ್ಳಿಹಾಕುವುದು ಸುಲಭವಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಾಂಪ್ಟನ್ನು ಹೀಗೆ ಬರೆಯಬಹುದು:

“ಮಾಹಿತಿ ಹಕ್ಕು ಅಧಿನಿಯಮ 2005ರ 6(1)ನೇ ಪ್ರಕರಣದಡಿ ಗ್ರಾಮ ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕನ್ನಡದಲ್ಲಿ ಅರ್ಜಿಯ ಕರಡು ಬೇಕು. ವಿಷಯ: 2023–24ನೇ ಸಾಲಿನಲ್ಲಿ ಶಾಲೆಯಿಂದ ಕೆರೆ ಏರಿಯವರೆಗೆ ನಡೆದ ಕಾಂಕ್ರೀಟ್ ರಸ್ತೆ ಕಾಮಗಾರಿ. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಬಿಲ್ಲು ಪಾವತಿಯ ವೋಚರು ಇವುಗಳ ದೃಢೀಕೃತ ಪ್ರತಿಗಳನ್ನು ಕೇಳಬೇಕು. 120 ಪದ ಮೀರಬಾರದು. ಕಾರಣ, ದೂರು, ‘ಏಕೆ’ ಎಂಬ ಪ್ರಶ್ನೆ ಬೇಡ. ನಾನು ಕೊಡದ ಹೆಸರು, ದಿನಾಂಕ, ಮೊತ್ತ, ಕಾನೂನಿನ ಪ್ರಕರಣ ಯಾವುದನ್ನೂ ಸೇರಿಸಬೇಡಿ. ಅಂಥ ಕಡೆ ಖಾಲಿ ಗೆರೆ ಬಿಡಿ. ಅಸ್ಪಷ್ಟವಾದದ್ದೇನಾದರೂ ಇದ್ದರೆ ಬರೆಯುವ ಮೊದಲು ನನ್ನನ್ನು ಕೇಳಿ.”

ಮಿತಿ 150 ಆಗಿದ್ದರೂ ಇಲ್ಲಿ 120 ಎಂದಿರುವುದಕ್ಕೆ ಕಾರಣವಿದೆ. ಮಾದರಿಗಳು ಪಠ್ಯವನ್ನು ಪದಗಳಾಗಿ ಅಲ್ಲ, ಟೋಕನ್ ಎಂಬ ತುಣುಕುಗಳಾಗಿ ನೋಡುತ್ತವೆ; ಕನ್ನಡದ ಒಂದೇ ಪದ ಹಲವು ತುಣುಕುಗಳಾಗಿ ಒಡೆಯಬಹುದಾದ್ದರಿಂದ ಅವುಗಳ ಪದಗಣನೆಯನ್ನು ನಂಬುವಂತಿಲ್ಲ. ಕರಡು ಬಂದ ಮೇಲೆ ವರ್ಡ್‌ನಂಥ ತಂತ್ರಾಂಶದಲ್ಲಿ ಅಂಟಿಸಿ ಪದಗಳನ್ನು ಎಣಿಸಿಕೊಳ್ಳುವುದೇ ಕ್ಷೇಮ.

ಭಾಷೆಯನ್ನೂ ಅಷ್ಟೇ ಎಚ್ಚರದಿಂದ ನೋಡಬೇಕು. ಇಂಗ್ಲಿಷ್ ಪತ್ರವನ್ನು ತರ್ಜುಮೆ ಮಾಡಿದಂತಹ “ನಿಮ್ಮ ಅಮೂಲ್ಯ ಸಮಯಕ್ಕಾಗಿ ಧನ್ಯವಾದಗಳು”, “ನಾನು ಈ ಪತ್ರವನ್ನು ಬರೆಯುತ್ತಿರುವ ಉದ್ದೇಶವೇನೆಂದರೆ” ಎಂಬಂಥ ಸಾಲುಗಳು ನುಸುಳಿಕೊಳ್ಳುತ್ತವೆ. “ಒಳ್ಳೆಯ ಕನ್ನಡದಲ್ಲಿ ಬರೆಯಿರಿ” ಎಂಬ ಸೂಚನೆಯಿಂದ ಇದು ಸರಿಹೋಗುವುದು ಕಡಿಮೆ. ಚೆನ್ನಾಗಿ ಬರೆದ ಹಳೆಯ ಅರ್ಜಿಯೊಂದನ್ನು, ಅದರಲ್ಲಿನ ಹೆಸರು ವಿಳಾಸಗಳನ್ನು ತೆಗೆದು, ಪ್ರಾಂಪ್ಟ್‌ನ ಕೆಳಗೆ ಅಂಟಿಸಿ “ಇದೇ ಧಾಟಿ ಅನುಸರಿಸಿ” ಎಂದರೆ ಫಲ ಬಹಳ ಬೇರೆಯಾಗಿರುತ್ತದೆ. ನನ್ನ ದೃಷ್ಟಿಯಲ್ಲಿ ಕನ್ನಡದ ಮಟ್ಟಿಗೆ ಇದಕ್ಕಿಂತ ಉಪಯುಕ್ತವಾದ ಉಪಾಯ ಇನ್ನೊಂದಿಲ್ಲ.

ತಿದ್ದುಪಡಿ ಬೇಕಿದ್ದಾಗ “ಇನ್ನೂ ಚೆನ್ನಾಗಿ ಬರೆಯಿರಿ” ಎನ್ನದೆ, ತಿದ್ದಬೇಕಾದ ಜಾಗವನ್ನು ತೋರಿಸಬೇಕು: “ಎರಡನೆಯ ವಾಕ್ಯ ತೆಗೆಯಿರಿ, ದಾಖಲೆಗಳಿಗೆ ಕ್ರಮಸಂಖ್ಯೆ ಕೊಡಿ, ಉಳಿದದ್ದನ್ನು ಮುಟ್ಟಬೇಡಿ.” ಕಡೆಯ ಮಾತನ್ನು ಸೇರಿಸದಿದ್ದರೆ ಸರಿಯಿದ್ದ ಸಾಲುಗಳೂ ಬದಲಾಗಿಬಿಡಬಹುದು. ಅರ್ಜಿದಾರರ ಹೆಸರು, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಪ್ರಾಂಪ್ಟ್‌ನಲ್ಲಿ ಹಾಕದೆ, ಮುದ್ರಿಸಿದ ಪ್ರತಿಯಲ್ಲಿ ಕೈಯಿಂದ ತುಂಬಬೇಕು. ಆಧಾರ್ ಸಂಖ್ಯೆಯಂತೂ ಈ ಅರ್ಜಿಗೆ ಬೇಕಾಗಿಯೇ ಇಲ್ಲ. ಸಂಪರ್ಕಿಸಲು ಅಗತ್ಯವಾದ ವಿವರವನ್ನು ಬಿಟ್ಟು ಬೇರೆ ವೈಯಕ್ತಿಕ ವಿವರ ಕೇಳುವಂತಿಲ್ಲ ಎಂದು ಅದೇ 6(2)ನೇ ಪ್ರಕರಣ ಹೇಳುತ್ತದೆ.

ಶಾಲೆಗೆ ರಜೆ ಚೀಟಿ, ಬ್ಯಾಂಕಿಗೆ ಮನವಿ, ಸಂಘದ ಸಭೆಯ ನೋಟಿಸು ಇವಕ್ಕೂ ಇದೇ ಕ್ರಮ ಸಾಕು: ಯಾರಿಗೆ, ಯಾವ ವಿಷಯ, ಏನು ಇರಬೇಕು, ಏನು ಇರಬಾರದು, ಎಷ್ಟು ಉದ್ದ. ಸಂತಾಪದ ಪತ್ರವನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ದುಃಖದಲ್ಲಿರುವವರಿಗೆ ನಮ್ಮದೇ ಎರಡು ಸಾಲು ತಲುಪಿದರೆ ಸಾಕು.

ಅರ್ಜಿ ಸಲ್ಲಿಸಿದ ದಿನಾಂಕವನ್ನು ಪ್ರಾಂಪ್ಟಿನ ಜೊತೆಗೇ ಉಳಿಸಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಆ ಗಡುವು ಮುಗಿದ 30 ದಿನಗಳೊಳಗೆ 19(1)ನೇ ಪ್ರಕರಣದಡಿ ಮೊದಲ ಮೇಲ್ಮನವಿ ಸಲ್ಲಿಸಬಹುದು. ಆಗ ಅದೇ ಪ್ರಾಂಪ್ಟಿನಲ್ಲಿ ವಿಳಾಸವನ್ನು ಪ್ರಥಮ ಮೇಲ್ಮನವಿ ಪ್ರಾಧಿಕಾರಕ್ಕೂ ಪ್ರಕರಣವನ್ನು 19(1)ಕ್ಕೂ ಬದಲಿಸಿ, ಮೂಲ ಅರ್ಜಿಯ ಪಠ್ಯವನ್ನೂ ಅದನ್ನು ಸಲ್ಲಿಸಿದ ದಿನಾಂಕವನ್ನೂ ಕೆಳಗೆ ಸೇರಿಸಿ, “ಉತ್ತರ ಬಂದಿಲ್ಲವೆಂಬ ಸಂಗತಿಯನ್ನು ಮಾತ್ರ ತಿಳಿಸಿ, ದಾಖಲೆ ಕೊಡಿಸಲು ಕೋರಿ” ಎಂದು ಸೂಚಿಸಿದರೆ ಮೇಲ್ಮನವಿಯ ಕರಡು ಸಿದ್ಧವಾಗುತ್ತದೆ.